ಮಗುವನ್ನು ಎಮರ್ಜೆನ್ಸಿಗೆ ಕರೆದೊಯ್ಯುವ ರಾತ್ರಿ ಬರುವ ಮುಂಚೆ: ಮನೆಯಲ್ಲಿ ಮಾಡಿಟ್ಟುಕೊಳ್ಳಬೇಕಾದ ತಯಾರಿ

"ಪಾಪು ತೂಕ ಎಷ್ಟಮ್ಮಾ?"

ರಾತ್ರಿ ಎರಡೂವರೆಗೆ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ಮೂರು ವರ್ಷದ ಮಗಳಿಗೆ ಜ್ವರ ಏರಿ, ಮನೆಯಲ್ಲೇ ಫಿಟ್ಸ್ ಬಂದು ನಿಂತಿತ್ತು. "ಹನ್ನೆರಡೋ ಹದಿನಾಲ್ಕೋ ಇರಬೇಕು" ಅಂದೆ. "ಜ್ವರಕ್ಕೆ ಏನು ಕೊಟ್ಟಿದ್ದೀರಿ?" "ಸಿರಪ್." "ಯಾವ ಸಿರಪ್? ಎಷ್ಟು ಎಂಎಲ್? ಎಷ್ಟು ಹೊತ್ತಿಗೆ?" ಸಂಜೆ ನಾನು ಒಂದು ಸಲ ಕುಡಿಸಿದ್ದೆ. ನಾನು ಅಡುಗೆಮನೆಯಲ್ಲಿದ್ದಾಗ ಅತ್ತೆಯೂ ಒಂದು ಮುಚ್ಚಳ ಕುಡಿಸಿದ್ದರಂತೆ, ಅದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲೇ. ಬಾಟಲಿ ಮನೆಯ ಕಿಟಕಿಯ ಕಟ್ಟೆ ಮೇಲೆ ಉಳಿದಿತ್ತು.

ಮಗಳು ಹುಷಾರಾದಳು. ಆದರೆ ಮಗುವಿನ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾದವಳು ನಾನು, ಕೇಳಿದ ಐದು ಪ್ರಶ್ನೆಯಲ್ಲಿ ಒಂದಕ್ಕೂ ಸರಿಯಾದ ಉತ್ತರ ಕೊಡಲಾಗಲಿಲ್ಲ. ಪ್ರೀತಿ, ಕಾಳಜಿ ಯಾವುದಕ್ಕೂ ಕೊರತೆ ಇರಲಿಲ್ಲ. ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಅಷ್ಟೇ. ಹಾಗಾಗಿ ಆ ಹೊತ್ತಿಗೆ ಬೇಕಾದದ್ದನ್ನೆಲ್ಲ ಒಂದು ಸಾಧಾರಣ ಭಾನುವಾರ, ಮಗು ನಗುನಗುತ್ತಾ ಆಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬೇಕು.

ಮೊದಲ ಕೆಲಸ: ಒಂದು ಹಾಳೆ

ಉಳಿದದ್ದೆಲ್ಲ ಆಮೇಲೆ ಮಾಡಿದರೂ ನಡೆಯುತ್ತದೆ, ಇದೊಂದನ್ನು ಇವತ್ತೇ ಮಾಡಿ. ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿ. ಅದರ ಫೋಟೋ ಗಂಡ, ಹೆಂಡತಿ, ಅಜ್ಜ, ಅಜ್ಜಿ ಎಲ್ಲರ ಮೊಬೈಲಿನಲ್ಲೂ ಇರಲಿ.

ಹಾಳೆಯಲ್ಲಿ ಮೊದಲು ಬರಬೇಕಾದದ್ದು ಮಗುವಿನ ತೂಕ ಮತ್ತು ತೂಕ ನೋಡಿದ ತಾರೀಖು. ಮಕ್ಕಳ ಔಷಧಿಯೆಲ್ಲ ನಡೆಯುವುದು ತೂಕದ ಲೆಕ್ಕದಲ್ಲಿ. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಇರಲಿ, ಗ್ಲೂಕೋಸ್ ಇರಲಿ, ಜ್ವರದ ಸಿರಪ್ ಇರಲಿ, ಒಂದು ಕೆಜಿಗೆ ಇಷ್ಟು ಎಂದೇ ಲೆಕ್ಕ. ಮನೆಯ ತೂಕದ ಯಂತ್ರದ ಮೇಲೆ ಮಗುವನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆದರೆ ಸಾಕು. ಅಂಗನವಾಡಿಯಲ್ಲೂ ತೂಕ ನೋಡುತ್ತಾರೆ. ಒಂದು ವರ್ಷದೊಳಗಿನ ಕೂಸಿಗೆ ತಿಂಗಳಿಗೊಮ್ಮೆ, ದೊಡ್ಡ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ತಿದ್ದಿ ಬರೆಯಿರಿ.

ಆಮೇಲೆ ಜ್ವರದ ಔಷಧಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತಪ್ಪು ಆಗುವುದೇ ಇಲ್ಲಿ. ಮೆಡಿಕಲ್ ಶಾಪಿನಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತದೆ: 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವ ಸಿರಪ್, 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್, ಮತ್ತು ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುವ ಪುಟ್ಟ ಡ್ರಾಪ್ಸ್ ಬಾಟಲಿ. ಡ್ರಾಪ್ಸನ್ನು ಸಿರಪ್ ಎಂದುಕೊಂಡು 5 ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ ಒಳಗೆ ಹೋಯಿತು, ಅಂದರೆ 125ರ ಸಿರಪ್‌ನ ನಾಲ್ಕು ಪಟ್ಟು. ಡಾಕ್ಟರು ಸಾಮಾನ್ಯವಾಗಿ ಕೊಡುವ ಲೆಕ್ಕ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡುವು. ನಿಮ್ಮ ಮಗುವಿನ ಡಾಕ್ಟರನ್ನು ಮುಂದಿನ ಸಲ ಕಂಡಾಗ ಮನೆಯಲ್ಲಿರುವ ಬಾಟಲಿಯನ್ನೇ ತೋರಿಸಿ, "ಈ ತೂಕಕ್ಕೆ ಇದರಲ್ಲಿ ಎಷ್ಟು ಎಂಎಲ್?" ಎಂದು ಕೇಳಿ ಹಾಳೆಗೆ ಬರೆದುಕೊಳ್ಳಿ. ಮುಚ್ಚಳ, ಚಮಚ ಬಿಟ್ಟು ಗೆರೆ ಇರುವ ಅಳತೆ ಕಪ್ಪು ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಔಷಧಿ ಕುಡಿಸಿದವರು ಯಾರೇ ಆಗಲಿ, ಹೊತ್ತು ಮತ್ತು ಪ್ರಮಾಣವನ್ನು ಅಲ್ಲೇ ಬರೆಯಬೇಕು. ಆ ರಾತ್ರಿಯ ನಂತರ ನಮ್ಮ ಮನೆಯಲ್ಲಿ ಬಾಟಲಿಗೆ ರಬ್ಬರ್ ಬ್ಯಾಂಡಿನಲ್ಲಿ ಒಂದು ಚೀಟಿ, ಒಂದು ಮೊಂಡು ಪೆನ್ಸಿಲ್ ಕಟ್ಟಿಟ್ಟಿದ್ದೇವೆ.

ಹಾಳೆಯ ಕೆಳಭಾಗದಲ್ಲಿ: ಹುಟ್ಟಿದ ತಾರೀಖು, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ, ಹಿಂದೆ ಆಸ್ಪತ್ರೆಗೆ ಸೇರಿಸಿದ್ದು ಯಾವಾಗ ಮತ್ತು ಯಾಕೆ, ದಿನವೂ ತೆಗೆದುಕೊಳ್ಳುವ ಔಷಧಿ, ಮಗುವಿನ ಡಾಕ್ಟರ ನಂಬರ್. ಜೊತೆಗೆ 108, 112, ಮತ್ತು ವಿಷದ ವಿಚಾರಕ್ಕೆ ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117.

ಎಲ್ಲಿಗೆ ಹೋಗುವುದು ಎಂದು ಹಗಲಿನಲ್ಲೇ ತೀರ್ಮಾನಿಸಿ

ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಮಕ್ಕಳ ಡಾಕ್ಟರು ಇರುತ್ತಾರೆಂದು ಅಂದುಕೊಳ್ಳಬೇಡಿ. ತಾಲ್ಲೂಕು ಕೇಂದ್ರಗಳಲ್ಲಂತೂ ಹಗಲು ತುಂಬಿ ತುಳುಕುವ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಒಬ್ಬ ಡ್ಯೂಟಿ ಡಾಕ್ಟರು ಮಾತ್ರ ಇರಬಹುದು. ಒಂದು ಸಂಜೆ ಖುದ್ದಾಗಿ ಹೋಗಿ ನಾಲ್ಕು ಪ್ರಶ್ನೆ ಕೇಳಿ. ರಾತ್ರಿ ಮಕ್ಕಳ ಡಾಕ್ಟರು ಇಲ್ಲೇ ಇರುತ್ತಾರಾ, ಇಲ್ಲ ಫೋನ್ ಮಾಡಿ ಕರೆಸುತ್ತೀರಾ? ಮಕ್ಕಳ ಐಸಿಯು ಇದೆಯೇ? ಹಾವಿನ ವಿಷಕ್ಕೆ, ನಾಯಿ ಕಡಿತಕ್ಕೆ ಇಂಜೆಕ್ಷನ್ ದಾಸ್ತಾನು ಇದೆಯೇ? ರಾತ್ರಿ ಯಾವ ಗೇಟು ತೆರೆದಿರುತ್ತದೆ? ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೀಗ ಹಾಕಿದ ಒಪಿಡಿ ಗೇಟಿನ ಮುಂದೆ ಮಗುವನ್ನು ಎತ್ತಿಕೊಂಡು ನಿಂತು ವಾಚ್‌ಮನ್‌ಗಾಗಿ ಕೂಗುವುದು ಏನೆಂದು ನನಗೆ ಗೊತ್ತು.

ದೊಡ್ಡ ತೊಂದರೆಗೆ ಕೊನೆಗೆ ಎಲ್ಲಿಗೆ ಕಳಿಸುತ್ತಾರೆ ಎಂಬುದೂ ತಿಳಿದಿರಲಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ವಾಣಿವಿಲಾಸ, ಮೈಸೂರಿನಲ್ಲಿ ಚೆಲುವಾಂಬ, ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಮಂಗಳೂರಿನಲ್ಲಿ ವೆನ್ಲಾಕ್ ಮಕ್ಕಳನ್ನು ನೋಡುವ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಆದರೆ ಉಸಿರಿಗೆ ಕಷ್ಟಪಡುತ್ತಿರುವ ಮಗುವನ್ನು ಹತ್ತಿರದಲ್ಲಿ ಆಕ್ಸಿಜನ್ ಕೂಡ ಹಾಕಿಸದೆ ನೇರ ನೂರು ಕಿಲೋಮೀಟರ್ ದೂರಕ್ಕೆ ಓಡಿಸಬೇಡಿ. ಮೊದಲು ಹತ್ತಿರದಲ್ಲಿ ಸ್ಥಿತಿ ಸುಧಾರಿಸಿ, ಆಮೇಲೆ ದೂರ. ರೆಫರ್ ಮಾಡಿದರೆ ಕಳಿಸುವ ಡಾಕ್ಟರಿಗೆ ಮೂರು ಮಾತು ಹೇಳಿ: ಅಲ್ಲಿ ಬೆಡ್ ಇದೆಯೇ ಎಂದು ನೀವೇ ಫೋನ್ ಮಾಡಿ ಕೇಳಿ, ಕೊಟ್ಟ ಔಷಧಿಯನ್ನೆಲ್ಲ ಹೊತ್ತಿನ ಸಮೇತ ಚೀಟಿಯಲ್ಲಿ ಬರೆದುಕೊಡಿ, ಆಕ್ಸಿಜನ್ ಇರುವ ಆಂಬುಲೆನ್ಸಿನಲ್ಲಿ ಕಳಿಸಿ.

ಫೈಲು ಮತ್ತು ಚೀಲ

ಫೈಲಿನಲ್ಲಿ ತಾಯಿ ಕಾರ್ಡ್, ಹಳೆಯ ಡಿಸ್ಚಾರ್ಜ್ ಚೀಟಿಗಳು, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ವಿಮೆ ಇದ್ದರೆ ಅದರ ಕಾರ್ಡು. ರೇಷನ್ ಕಾರ್ಡ್ ಯಾಕೆಂದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30ರಷ್ಟು, ಹೆಚ್ಚೆಂದರೆ ವರ್ಷಕ್ಕೆ 1.5 ಲಕ್ಷ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಮಗು ಒಳಗೆ ಹೋದ ಮೇಲೆ ಒಬ್ಬರು ಅವರನ್ನು ಹುಡುಕಿಕೊಂಡು ಹೋಗಿ. ಕಾಗದ ಇಲ್ಲ, ದುಡ್ಡು ಇಲ್ಲ ಎಂದು ಹೊರಡುವುದನ್ನು ಮಾತ್ರ ನಿಲ್ಲಿಸಬೇಡಿ. ಜೀವಕ್ಕೆ ಅಪಾಯ ಇರುವಾಗ ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಡಾಕ್ಟರೂ ಚಿಕಿತ್ಸೆ ತಡಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಚೀಲ ಚಿಕ್ಕದಿರಲಿ. ಎರಡು ಜೊತೆ ಬಟ್ಟೆ, ಡೈಪರ್, ಒಂದು ಹೊದಿಕೆ, ಟವೆಲ್, ವಾಂತಿಗೆ ಪ್ಲಾಸ್ಟಿಕ್ ಕವರ್, ನೀರು, ಒಳಲೆ ಅಥವಾ ಹಾಲಿನ ಲೋಟ, ಚಾರ್ಜರ್, ಚಿಲ್ಲರೆ ಸಮೇತ ಸ್ವಲ್ಪ ನಗದು. ಮಗು ತಬ್ಬಿಕೊಂಡು ಮಲಗುವ ಗೊಂಬೆಯೋ ಅಮ್ಮನ ಹಳೆಯ ಸೀರೆಯ ತುಂಡೋ ಇದ್ದರೆ ಅದು ಮರೆಯದಿರಲಿ.

ಬೆಳಗಾಗಲಿ ಎಂದು ಕಾಯಬಾರದ್ದು ಯಾವಾಗ

ಥರ್ಮಾಮೀಟರಿನ ಅಂಕಿಗಿಂತ ಮಗು ಹೇಗಿದೆ ಎಂಬುದೇ ಮುಖ್ಯ. 103 ಡಿಗ್ರಿ ಇದ್ದು, ಔಷಧಿ ಬಿದ್ದ ಮೇಲೆ ಎದ್ದು ಕೂತು ಬಿಸ್ಕತ್ತು ಕೇಳುವ ಮಗುವಿಗಿಂತ, 100 ಇದ್ದು ಕಣ್ಣು ಬಿಡದೆ ತೋಳಿನಲ್ಲಿ ಜೋತುಬಿದ್ದ ಮಗುವಿನ ಬಗ್ಗೆ ಹೆಚ್ಚು ಭಯಪಡಬೇಕು. ಇದಕ್ಕೆ ಒಂದು ಅಪವಾದ ಇದೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ನೋಡಲು ಚೆನ್ನಾಗಿದ್ದರೂ, ಆಗಲೇ ಹೊರಡಿ.

ಉಸಿರಾಟ ನೋಡಲು ಅಂಗಿ ಮೇಲೆತ್ತಿ. ಮಗು ಅಳದೆ ಇರುವಾಗ ಒಂದು ಪೂರ್ತಿ ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರಾಟ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿ ಆಗಿದ್ದರೆ ಎಣಿಸುತ್ತ ಕೂರಬೇಡಿ.

ಉಳಿದವು: ಐದು ನಿಮಿಷ ದಾಟಿದ ಅಥವಾ ಮತ್ತೆ ಬಂದ ಫಿಟ್ಸ್, ಇಲ್ಲವೇ ಮೊದಲ ಸಲ ಬಂದ ಫಿಟ್ಸ್. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿ ಆದರೆ. ವಾಂತಿಭೇದಿಯಲ್ಲಿ ಆರೆಂಟು ಗಂಟೆ ಮೂತ್ರ ಹೋಗದೆ, ಕಣ್ಣು ಗುಳಿ ಬಿದ್ದು, ಅತ್ತರೆ ನೀರು ಬರದಿದ್ದರೆ. ಹಸಿರು ಅಥವಾ ರಕ್ತದ ವಾಂತಿ.

ಡೆಂಗಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಳೆಗಾಲದಲ್ಲಿ "ಜ್ವರ ಬಿಟ್ಟಿತು, ಇನ್ನೇನು ಭಯವಿಲ್ಲ" ಎಂದು ಮನೆಮಂದಿ ಉಸಿರು ಬಿಡುವ ಹೊತ್ತೇ, ಅಂದರೆ ಜ್ವರ ಶುರುವಾದ ಮೂರರಿಂದ ಏಳನೇ ದಿನದೊಳಗೆ, ಅಪಾಯದ ಹೊತ್ತು. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆ ಕೈಕಾಲು, ವಿಪರೀತ ಸುಸ್ತು ಕಂಡರೆ ತಡಮಾಡಬೇಡಿ. ಡೆಂಗಿ ಅನುಮಾನ ಇರುವಾಗ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಜ್ವರದ ಔಷಧಿಗಳನ್ನು ಮನೆಯಲ್ಲಿ ಕೊಡಬಾರದು, ಪ್ಯಾರಾಸಿಟಮಾಲ್ ಮಾತ್ರ.

ಹೊರಡುವ ಮುಂಚಿನ ಐದು ನಿಮಿಷ

ಫಿಟ್ಸ್ ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಅಷ್ಟೇ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬಾರದು. ನಮ್ಮ ಮನೆಗೆ ಓಡಿಬಂದ ಪಕ್ಕದ ಮನೆಯವರು ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು, ಇನ್ನೊಬ್ಬರು ಈರುಳ್ಳಿ ಹಿಂಡಲು ಬಂದರು. ಅವರದ್ದು ಒಳ್ಳೆಯ ಮನಸ್ಸೇ. ಆದರೆ ಫಿಟ್ಸ್ ನಿಲ್ಲಿಸುವುದು ಬೀಗದ ಕೈ ಅಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಬಹುಪಾಲು ಐದು ನಿಮಿಷದೊಳಗೆ ತಾನೇ ನಿಲ್ಲುತ್ತದೆ. ಒಬ್ಬರು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿ. ಆ ಹೊತ್ತಿನಲ್ಲಿ ಅದು ಕಲ್ಲುಮನಸ್ಸಿನ ಕೆಲಸ ಅನ್ನಿಸುತ್ತದೆ, ಆದರೆ ಎರಡೂ ಕೈ ಅದುರಿತೋ ಒಂದೇ ಕೈಯೋ, ಕಣ್ಣು ಯಾವ ಕಡೆಗೆ ಎಳೆದಿತ್ತು ಎಂದು ಡಾಕ್ಟರಿಗೆ ನಾವು ಮಾತಿನಲ್ಲಿ ಹೇಳಲಾಗದ್ದನ್ನು ಆ ವಿಡಿಯೋ ಹೇಳುತ್ತದೆ.

ಸುಟ್ಟ ಗಾಯಕ್ಕೆ 20 ನಿಮಿಷ ನಲ್ಲಿಯ ನೀರು. ಟೂತ್‌ಪೇಸ್ಟ್, ಅರಿಸಿನ, ಇಂಕು ಬೇಡ. ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು, ಮರೆಯದೆ ಕೇಳಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಹಲಗೆ ಕಟ್ಟಿ, ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಿ. ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಔಷಧಿ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬಾರದು. ಬಾಟಲಿಯನ್ನೇ ಜೊತೆಗೆ ಒಯ್ಯಿರಿ. ರಿಮೋಟಿನ ಗುಂಡು ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಹೊರಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಬಲ್ಲದು.

ಕೈ ಮುರಿದಂತಿದ್ದರೆ, ಹೊಲಿಗೆ ಬೇಕಾಗುವ ಗಾಯ ಇದ್ದರೆ, ಜೋರು ಹೊಟ್ಟೆನೋವು ಇದ್ದರೆ ದಾರಿಯಲ್ಲಿ ಬಾಳೆಹಣ್ಣು, ಹಾಲು ತಿನ್ನಿಸಬೇಡಿ. ಅರಿವಳಿಕೆ ಕೊಡಬೇಕಾದರೆ ಘನ ಆಹಾರ ತಿಂದು ಆರು ಗಂಟೆ, ಎದೆಹಾಲು ಕುಡಿದು ನಾಲ್ಕು ಗಂಟೆ ಆಗಿರಬೇಕು. ಕೊನೆಯ ಊಟದ ಹೊತ್ತು ನೆನಪಿಟ್ಟುಕೊಳ್ಳಿ.

108ಕ್ಕೆ ಫೋನ್ ಮಾಡಿದಾಗ ಅಳು ತಡೆದುಕೊಂಡು ಮೊದಲು ಜಾಗ ಹೇಳಿ: ಊರು, ಹೋಬಳಿ, ತಾಲ್ಲೂಕು, ದೇವಸ್ಥಾನವೋ ಶಾಲೆಯೋ ಯಾವುದರ ಹತ್ತಿರ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯಲ್ಲಿ ನಿಲ್ಲಲಿ. ಮಲೆನಾಡಿನ ಒಂಟಿಮನೆಗಳಿಗೆ ಆಂಬುಲೆನ್ಸ್ ಬರುವಷ್ಟರಲ್ಲಿ ಆಟೋ ಅರ್ಧ ದಾರಿ ಮುಟ್ಟಿರುತ್ತದೆ. ಹಾಗಿದ್ದರೆ ರಾತ್ರಿಯಲ್ಲೂ ಬರುವ ಇಬ್ಬರು ಆಟೋದವರ ನಂಬರ್ ಹಾಳೆಯಲ್ಲಿರಲಿ. ಗಾಡಿ ಓಡಿಸುವವರು ಒಬ್ಬರು, ಮಗುವಿನ ಮುಖ ನೋಡುತ್ತಿರುವವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಬಾರದು.

ಮಗುವಿಗೆ ಏನು ಹೇಳುವುದು

ಈ ತಯಾರಿ ಎಲ್ಲಕ್ಕಿಂತ ಮುಂಚೆ ಶುರುವಾಗಬೇಕು. "ಊಟ ಮಾಡದಿದ್ದರೆ ಡಾಕ್ಟರ ಹತ್ರ ಹೇಳಿ ಸೂಜಿ ಚುಚ್ಚಿಸ್ತೀನಿ" ಎಂದು ಹೆದರಿಸುವ ರೂಢಿ ಇದ್ದರೆ ದಯವಿಟ್ಟು ಇವತ್ತೇ ಬಿಡಿ. ಹಾಗೆ ಬೆಳೆದ ಮಗುವಿಗೆ ಆಸ್ಪತ್ರೆ ಅಂದರೆ ಶಿಕ್ಷೆ. ಜ್ವರ ಬಂದದ್ದೂ ತನ್ನದೇ ತಪ್ಪು ಎಂದುಕೊಳ್ಳುತ್ತದೆ.

ಸುಳ್ಳು ಹೇಳಬೇಡಿ. "ಇಂಜೆಕ್ಷನ್ ಇಲ್ಲ ಪುಟ್ಟಾ" ಎಂದು ಒಳಗೆ ಕರೆದೊಯ್ದು ಕೈಕಾಲು ಹಿಡಿದರೆ ಮುಂದಿನ ಸಲ ನಿಮ್ಮ ಮಾತನ್ನು ಯಾಕೆ ನಂಬಬೇಕು? ನಾನು ಈಗ ಹೇಳುವುದು ಹೀಗೆ: "ಕೈಗೆ ಒಂದು ಸೂಜಿ ಹಾಕ್ತಾರೆ. ನೋವಾಗತ್ತೆ. ನೀನು ಹತ್ತು ಎಣಿಸೋಷ್ಟರಲ್ಲಿ ಮುಗಿಯತ್ತೆ. ಅಳಬೇಕು ಅನ್ನಿಸಿದ್ರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ, ನಾನು ಇಲ್ಲೇ ಇರ್ತೀನಿ." ಮಲಗಿಸಿ ಅದುಮಿ ಹಿಡಿಯುವುದಕ್ಕಿಂತ ತೊಡೆಯ ಮೇಲೆ ಎದೆಗೆ ಒರಗಿಸಿ ಕೂರಿಸಿಕೊಳ್ಳಬಹುದೇ ಎಂದು ಸಿಸ್ಟರನ್ನು ಕೇಳಿ, ಬಹಳ ಸಲ ಒಪ್ಪುತ್ತಾರೆ. ಡಾಕ್ಟರು ಬೇಡ ಅನ್ನದಿದ್ದರೆ ಹಸುಗೂಸಿಗೆ ಚುಚ್ಚುವಾಗ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ.

ಒಳಗೆ ಹೋದ ಮೇಲೆ

ಮಾತಾಡುವವರು ಒಬ್ಬರೇ ಇರಲಿ. ಆರು ಜನ ಆರು ಕಥೆ ಹೇಳಿದರೆ ಡಾಕ್ಟರಿಗೆ ಯಾವುದೂ ಕೇಳಿಸುವುದಿಲ್ಲ. ಮೊದಲ ವಾಕ್ಯದಲ್ಲೇ ಮುಖ್ಯ ವಿಷಯ ಬರಲಿ: "ಮೂರು ವರ್ಷ, 13 ಕೆಜಿ, ನಿನ್ನೆ ಸಂಜೆಯಿಂದ ಜ್ವರ, ರಾತ್ರಿ 1:40ಕ್ಕೆ ಫಿಟ್ಸ್, ಎರಡು ನಿಮಿಷ, ಮೊದಲ ಸಲ. 11 ಗಂಟೆಗೆ ಪ್ಯಾರಾಸಿಟಮಾಲ್ 250ರ ಸಿರಪ್ 3 ಎಂಎಲ್."

ಮನೆಯಲ್ಲಿ ಮಾಡಿದ್ದೆಲ್ಲವನ್ನೂ ಹೇಳಿಬಿಡಿ. ಬಜೆ ತೇದು ನೆಕ್ಕಿಸಿದ್ದು, ಮೂಗಿಗೆ ಎಣ್ಣೆ ಬಿಟ್ಟದ್ದು, ನಾಟಿ ಔಷಧಿ, ಬರೆ ಹಾಕಿಸಿದ್ದು ಕೂಡ. ಬೈಯುತ್ತಾರೆ ಎಂದು ಮುಚ್ಚಿಟ್ಟರೆ ಡಾಕ್ಟರು ಬೇರೆ ದಾರಿ ಹಿಡಿದು ಹುಡುಕುತ್ತಾರೆ. ಉದಾಹರಣೆಗೆ ಕರ್ಪೂರ. ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಸವರುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ, ಆದರೆ ಒಂದು ಸಣ್ಣ ಬಿಲ್ಲೆ ಕರ್ಪೂರ ಮಗುವಿನ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ದೇವರ ಮನೆಯ ಡಬ್ಬಿ ತೆರೆದಿತ್ತು ಎಂಬ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಹಾಗೆಯೇ ಕಡಲೆಬೀಜ ತಿನ್ನುತ್ತಾ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಜೋರಾಗಿ ಕೆಮ್ಮಿ ಆಮೇಲೆ ಸುಮ್ಮನಾಗಿದ್ದರೆ, ಅದು ವಾರದ ಹಿಂದಿನ ಮಾತಾದರೂ ಹೇಳಿ. ಬೀಜ ಶ್ವಾಸನಾಳದಲ್ಲೇ ಕೂತಿರಬಹುದು.

ಕಾಯಿಸಿದರೆ ಕೋಪ ಬರುತ್ತದೆ. ಎಮರ್ಜೆನ್ಸಿಯಲ್ಲಿ ಬಂದ ಸರದಿ ಲೆಕ್ಕವಿಲ್ಲ, ಯಾರ ಸ್ಥಿತಿ ಹೆಚ್ಚು ಗಂಭೀರವೋ ಅವರು ಮೊದಲು. ಹಲವು ಆಸ್ಪತ್ರೆಗಳಲ್ಲಿ ಇದಕ್ಕೆ ಕೆಂಪು, ಹಳದಿ, ಹಸಿರು ಎಂದು ಗುರುತು ಮಾಡುತ್ತಾರೆ. ನಿಮ್ಮ ಮಗುವನ್ನು ಕಾಯಿಸುತ್ತಿದ್ದಾರೆಂದರೆ ಆ ಕ್ಷಣಕ್ಕೆ ಜೀವಭಯ ಕಂಡಿಲ್ಲ ಎಂದರ್ಥ. ಆದರೆ ಕಾಯುವಾಗ ಮಗು ಮಂಕಾದರೆ, ಉಸಿರು ಬದಲಾದರೆ ಎದ್ದು ಹೋಗಿ "ಸಿಸ್ಟರ್, ಆಗಿಗಿಂತ ಈಗ ಜಾಸ್ತಿಯಾಗಿದೆ, ಮತ್ತೆ ನೋಡಿ" ಎನ್ನಿ. ಸಂಕೋಚ ಬೇಡ.

ಅಪಘಾತ, ಸುಟ್ಟ ಗಾಯ, ವಿಷ ಇಂಥದ್ದಕ್ಕೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಎಂದು ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದು ಕಾನೂನಿನ ಕ್ರಮ, ನಿಮ್ಮ ಮೇಲೆ ಕೇಸು ಹಾಕಿದಂತಲ್ಲ. ಅದಕ್ಕೆ ಹೆದರಿ ಮಹಡಿಯಿಂದ ಬಿದ್ದ ಮಗುವನ್ನು ಮಂಚದಿಂದ ಬಿತ್ತು ಎನ್ನಬೇಡಿ. ಬಿದ್ದ ಎತ್ತರದ ಮೇಲೆ ಸ್ಕ್ಯಾನ್ ಬೇಕೋ ಬೇಡವೋ ನಿಂತಿರುತ್ತದೆ.

ಮಿದುಳು ಜ್ವರದ ಅನುಮಾನ ಬಂದಾಗ ಬೆನ್ನಿನ ನೀರು ತೆಗೆಯಬೇಕು ಎನ್ನುತ್ತಾರೆ. ಇಲ್ಲಿ ಬಹಳ ಮನೆಯವರು ಹಿಂಜರಿಯುತ್ತಾರೆ, ಬೆನ್ನಿಗೆ ಸೂಜಿ ಹಾಕಿದರೆ ಮಗು ನಡೆಯುವುದಿಲ್ಲ ಎಂಬ ಹೆದರಿಕೆಗೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಪ್ರಶ್ನೆ ಕೇಳಿ, ಅರ್ಥವಾಗುವವರೆಗೂ ಕೇಳಿ, ಆದರೆ ಊರಿನ ಹಿರಿಯರಿಗೆಲ್ಲ ಫೋನ್ ಮಾಡುತ್ತಾ ಗಂಟೆಗಟ್ಟಲೆ ಕಳೆಯಬೇಡಿ. ಮಿದುಳು ಜ್ವರಕ್ಕೆ ಔಷಧಿ ಶುರುವಾಗುವುದು ಎಷ್ಟು ಬೇಗವೋ ಮಗುವಿಗೆ ಅಷ್ಟು ಒಳ್ಳೆಯದು.

ಮನೆಗೆ ಕಳಿಸುವಾಗ

ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಕೂಡಲೇ ಎದ್ದುಬಿಡಬೇಡಿ. ಮಗುವಿಗೆ ಏನಾಗಿತ್ತು, ಯಾವ ಔಷಧಿ ಎಷ್ಟು ದಿನ, ಏನು ಕಂಡರೆ ವಾಪಸ್ ಓಡಿಬರಬೇಕು, ಯಾವ ದಿನ ಮತ್ತೆ ತೋರಿಸಬೇಕು ಎಂದು ಕೇಳಿ, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಅವರಿಗೇ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಫಿಟ್ಸ್ ಬಂದ ಮಗುವಾದರೆ, ಮನೆಯಲ್ಲಿ ಇಟ್ಟುಕೊಳ್ಳಲು ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬೇಕೇ ಎಂದು ವಿಚಾರಿಸಿ. ಕೊಟ್ಟರೆ ಹೇಗೆ ಹೊಡೆಯುವುದೆಂದು ಅಜ್ಜಿಗೂ ಕಲಿಸಿ, ಹಗಲು ಮಗುವಿನ ಜೊತೆ ಇರುವವರು ಅವರೇ.

ಒಂದೆರಡು ವಾರ ಮಗು ರಾತ್ರಿ ಬೆಚ್ಚಬಹುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಬಹುದು. ನನ್ನ ಮಗಳು ಹತ್ತು ದಿನ ಗೊಂಬೆಯ ಕೈಗೆ ಬ್ಯಾಂಡೇಜ್ ಸುತ್ತಿ, "ನೋವಾಗತ್ತೆ, ಹತ್ತು ಎಣ್ಸು" ಎಂದು ಅದಕ್ಕೆ ಸೂಜಿ ಹಾಕುತ್ತಲೇ ಇದ್ದಳು. ಆಡಲು ಬಿಟ್ಟೆ. ಬೀರುವಿನ ಹಾಳೆಯಲ್ಲಿ 13ನ್ನು ಹೊಡೆದುಹಾಕಿ ಈಗ 14.5 ಎಂದು ಬರೆದಿದ್ದೇನೆ, ಪಕ್ಕದಲ್ಲಿ ತಾರೀಖು.